ಅಕ್ಷರ ಮಗುಚುವ ಕೆಲಸ

ಕಳೆದ ಬೇಸಗೆಯಲ್ಲಿ ಮೂರು ವಾರ ನಾನು ಅಕ್ಷರಗಳನ್ನು ತಲೆಕೆಳಗೆ ನಿಲ್ಲಿಸುವ ಕೆಲಸ ಮಾಡಿದೆ. ಬೇರೆ ಕೆಲಸ ಇರಲಿಲ್ಲವೆಂದಲ್ಲ. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು, ಅರ್ಧಕ್ಕೆ ನಿಂತ ಕವಿತೆಗಳು ಎಂದಿನಂತೆ ಅರ್ಧಕ್ಕೇ ನಿಂತಿದ್ದವು. ನಾನು ಮೊಬೈಲಿಗೆ ಮೂಗು ತಾಗಿಸಿ ಕೂತದ್ದನ್ನು ಕಂಡ ಮನೆಯವರು, ಏನೋ ದೊಡ್ಡದು ಬರೆಯುತ್ತಿದ್ದಾಳೆಂದು ತಿಳಿದು, ಸದ್ದು ಮಾಡದೆ ಚಹಾ ಇಟ್ಟು ಹೋಗುತ್ತಿದ್ದರು. ನಾನು ಬರೆಯುತ್ತಿದ್ದದ್ದು ಇಷ್ಟು: uoɹ. ನಮ್ಮೂರು ರೋಣ, ಇಂಗ್ಲಿಷಿನಲ್ಲಿ, ಕಾಲು ಮೇಲಾಗಿ.

ಈ ಹುಚ್ಚು ಹತ್ತಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ನಾನು ನರಗುಂದದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಇರುವುದು ರೋಣದಲ್ಲಿ. ದಿನಕ್ಕೆ ಎರಡು ಸಲ ಬಸ್ಸು ನನ್ನ ಪಾಲಿನ ಓದುವ ಕೋಣೆ. ಒಂದು ದಿನ ಬಸ್ಸಿನಲ್ಲಿದ್ದಾಗ ಅವಳ ಸಂದೇಶ ಬಂತು. ಇಡೀ ಸಾಲು ತಲೆಕೆಳಗಾಗಿ ಬಿದ್ದಿತ್ತು. ಓದಲೆಂದು ಮೊಬೈಲನ್ನು ತಿರುಗಿಸಿದೆ. ಮೊಬೈಲು ಜಾಣ, ನಾನು ಅಡ್ಡ ಹಿಡಿಯುವಷ್ಟರಲ್ಲಿ ತಾನೂ ಪರದೆಯನ್ನು ತಿರುಗಿಸಿ ನಿಂತಿತು. ಮತ್ತೆ ತಿರುಗಿಸಿದೆ, ಅದೂ ಮತ್ತೆ ತಿರುಗಿತು. ಕೊನೆಗೆ ಅದನ್ನು ಅಲ್ಲಾಡದಂತೆ ಹಿಡಿದು ನನ್ನ ಕುತ್ತಿಗೆಯನ್ನೇ ಬಾಗಿಸಿದೆ. ಆಗ ಕಂಡಕ್ಟರು ಬಂದು, "ಅಕ್ಕೋರ, ತಲಿ ತಿರಗಾಕತ್ತೈತೇನ್ರಿ? ಖಿಡಕಿ ಕಡೆ ಸರದು ಕುಂದರ್ರಿ" ಎಂದ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಊರಿಗೇ ಅಕ್ಕೋರು.

ಅವನು ಖರೆಯೇ ಹಾಗೆ ಅಂದನೋ, ಅಂದಿದ್ದರೆ ಚೆನ್ನಾಗಿರುತ್ತಿತ್ತೆಂದು ನಾನೇ ಅವನ ಬಾಯಿಗೆ ಆ ಮಾತು ಇಟ್ಟೆನೋ ಈಗ ಹೇಳಲಾರೆ. ನೆನಪು ಚೆಂದವಾಗಿ ಮಡಚಿಟ್ಟ ಬಟ್ಟೆಯಂತೆ ಕೈಗೆ ಸಿಕ್ಕಿದಾಗಲೆಲ್ಲ, ಇದನ್ನು ಯಾರೋ ಇಸ್ತ್ರಿ ಮಾಡಿದ್ದಾರೆ ಎಂದೇ ನನ್ನ ಅನುಮಾನ.

ಆ ಸಂದೇಶ ಚಿತ್ರವಾಗಿರಲಿಲ್ಲ, ಅಕ್ಷರವೇ ಆಗಿತ್ತು ಎಂಬುದು ನನ್ನನ್ನು ಹಿಡಿದು ಹಾಕಿತು. ಚಿತ್ರವನ್ನು ಯಾರು ಬೇಕಾದರೂ ತಿರುಗಿಸಬಹುದು. ಇಲ್ಲಿ ಹಾಗಲ್ಲ, ಅವಳು ತೋರಿಸಿಕೊಟ್ಟ ಜಾಲತಾಣವೊಂದರ ಮೇಲಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಸಾಲು ಬರೆದರೆ ಕೆಳಗಿನ ಪೆಟ್ಟಿಗೆಯಲ್ಲಿ ಅದು ಮಗುಚಿಕೊಂಡು ಬೀಳುತ್ತದೆ. ಅಲ್ಲಿಂದ ಎತ್ತಿ ಯಾರಿಗಾದರೂ ಕಳಿಸಬಹುದು. ಗುಟ್ಟು ಸರಳ. ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಹಂಚಿರುವ ಯುನಿಕೋಡ್ ಎಂಬ ದೊಡ್ಡ ಪಟ್ಟಿ ಇದೆಯಲ್ಲ, ಅದರಲ್ಲಿ ನೇರ ನಿಂತ ಇಂಗ್ಲಿಷ್ ಅಕ್ಷರಗಳ ಜೊತೆಗೆ ಮಗುಚಿದಂತೆ ಕಾಣುವ ಚಿಹ್ನೆಗಳೂ ಇವೆ. ಈ ǝ, ಈ ɐ, ಈ ɯ ಯಾವುವೂ ಆಟಕ್ಕೆಂದು ಹುಟ್ಟಿದವಲ್ಲ. ಉಚ್ಚಾರಣೆಯ ಪಂಡಿತರಿಗೆ ಹಿಂದೆ ಹೊಸ ಧ್ವನಿಗಳನ್ನು ಗುರುತು ಹಾಕಲು ಹೊಸ ಚಿಹ್ನೆಗಳು ಬೇಕಾದವು. ಹೊಸದಾಗಿ ಎರಕ ಹೊಯ್ಯಿಸುವ ಕಷ್ಟ ಯಾಕೆಂದು ಮುದ್ರಣಾಲಯದಲ್ಲಿ ಬಿದ್ದಿದ್ದ ಸೀಸದ ಅಚ್ಚುಮೊಳೆಗಳನ್ನೇ ತಲೆಕೆಳಗು ಮಾಡಿ ಜೋಡಿಸಿದರು. ಆ ಜುಗ್ಗತನ ಇವತ್ತು ಇಂಗ್ಲಿಷಿನವರ ಆಸ್ತಿಯಾಗಿದೆ. ಅದರಿಂದ ಅವರ ಮಕ್ಕಳು ಅಕ್ಷರಗಳಿಂದ ಲಾಗ ಹೊಡೆಸುತ್ತಾರೆ.

ನನ್ನ ಸಿಟ್ಟು ಹೊತ್ತಿಕೊಂಡದ್ದು ಆ ಪೆಟ್ಟಿಗೆಯಲ್ಲಿ ಕನ್ನಡ ಬರೆದಾಗ. ರೋಣ ಎಂದು ಬರೆದೆ, ಕೆಳಗೆ ಬಂದದ್ದು ಣೋರ. ಅಕ್ಷರ ಮಗುಚಲೇ ಇಲ್ಲ, ಸುಮ್ಮನೆ ಹಿಂದುಮುಂದಾಯಿತು. ಅದೂ ಹೋಗಲಿ, ರಕಾರದ ಮೇಲಿದ್ದ ಓತ್ವ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಣಕಾರಕ್ಕೆ ಅಂಟಿಕೊಂಡಿತು. ನರಗುಂದ ಎಂದು ಬರೆದೆ. ಸೊನ್ನೆ ಒಂದು ಕಡೆ, ಕೊಂಬು ಒಂದು ಕಡೆ, ಆಸರೆ ತಪ್ಪಿದ ಕೊಂಬಿಗೆ ಕನಿಕರದಿಂದ ಯಂತ್ರ ಒದಗಿಸಿದ ಚುಕ್ಕಿಚುಕ್ಕಿಯ ಬಳೆ ಇನ್ನೊಂದು ಕಡೆ. ಗಜೇಂದ್ರಗಡದ ಗತಿ ಕೇಳಬೇಡಿ; ಗುಡ್ಡದ ಮೇಲಿನ ಅಂಥ ಕೋಟೆ ಒಂದು ಗುಂಡಿ ಒತ್ತಿದ್ದಕ್ಕೆ ಕಲ್ಲು ಕಲ್ಲಾಗಿ ಉರುಳಿಬಿತ್ತು.

ನೆಟ್ಟಗೆ ನಿಲ್ಲುವ ಕನ್ನಡ ಅಕ್ಷರಕ್ಕೇನೋ ಸಂಖ್ಯೆ ಕೊಟ್ಟಿದ್ದಾರೆ. ಮಗುಚುವುದಕ್ಕೆ ಪರವಾನಗಿ ಕೊಟ್ಟಿಲ್ಲ. ಕನ್ನಡವೆಂದರೆ ಯಾವಾಗಲೂ ಕೈಕಟ್ಟಿ ನಿಂತು ಭಾಷಣ ಕೇಳಬೇಕಾದ ಭಾಷೆಯೇ? ಅದಕ್ಕೆ ಕುಣಿಯುವ ಮನಸ್ಸಾಗಬಾರದೇ? ಪಟ್ಟಿ ಮಾಡಿದವರನ್ನು ಬೈದು ಒಂದು ಪುಟ ಬರೆದೆ. ಬರೆದ ಮೇಲೆ ನಮ್ಮವರನ್ನು ಬೈದು ಎರಡು ಪುಟ ಬರೆದೆ. ಅಕ್ಷರಕ್ಕೆ ಅರಿಸಿನ ಕುಂಕುಮ ಹಚ್ಚಿ ಕೂಡಿಸುತ್ತೇವೆಯೇ ಹೊರತು ಅದನ್ನು ಎತ್ತಿ ಆಡಿಸಿದವರು ನಾವಲ್ಲ. ಜಗತ್ತಿನ ಮಕ್ಕಳು ನಮ್ಮಿಂದ ಆಟಕ್ಕೆ ಒಯ್ದದ್ದು ಒಂದೇ ಅಕ್ಷರ, ಠ. ಎರಡು ಠಗಳ ನಡುವೆ ಗೆರೆ ಎಳೆದು ಠ_ಠ ಎಂದು ಬರೆಯುತ್ತಾರೆ. ನಿನ್ನ ಮಾತು ನನಗೆ ಸೇರಲಿಲ್ಲ ಎಂದು ದಿಟ್ಟಿಸುವ ಮುಖ ಅದು. ಆ ಕಣ್ಣುಗಳು ಕನ್ನಡದವು ಎಂದು ಬಳಸುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ. ಶಾಲೆಯ ಪಟ್ಟಿಯಲ್ಲಿ ಕೆಲಸವಿಲ್ಲದೆ ಕೂತಿರುತ್ತಿದ್ದ ಅಕ್ಷರ ಈಗ ಲೋಕದ ಅಸಮಾಧಾನವನ್ನೆಲ್ಲ ಒಂದೇ ನೋಟದಲ್ಲಿ ಹೊತ್ತು ನಿಂತಿದೆ. ಆ ಮೂರು ವಾರ ನನ್ನ ಮುಖವೂ ಅದೇ ಆಗಿತ್ತೆಂದು ಮನೆಯವರ ಅಭಿಪ್ರಾಯ.

ಮಗುಚಿದ ಕನ್ನಡಕ್ಕೂ ನನಗೂ ಹಳೆಯ ವೈರ ಒಂದಿದೆ. ಬಹಳ ಹಿಂದೆ ನರಗುಂದದ ಗುಡ್ಡದ ಮೇಲೆ ಒಂದು ಕವಿತೆ ಬರೆದಿದ್ದೆ. ಗುಡ್ಡ ಹತ್ತುವವರು ಕೆಳಗಿನಿಂದಲೇ ಹತ್ತಬೇಕಲ್ಲವೇ? ಆದ್ದರಿಂದ ಕವಿತೆಯೂ ಕೆಳಗಿನ ಸಾಲಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತಿತ್ತು, ತುದಿಯ ಎರಡು ಸಾಲು ಪೂರ್ತಿ ತಲೆಕೆಳಗಾಗಿತ್ತು. ಇದು ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸುತ್ತದೆ ಎಂದು ಆಗ ನಂಬಿದ್ದೆ. ಸಣ್ಣ ಪತ್ರಿಕೆಯೊಂದರ ಸಂಪಾದಕರು ಅದನ್ನು ಪ್ರಕಟಿಸಿದರು, ಸಾಲುಗಳನ್ನೆಲ್ಲ ಮೇಲಿನಿಂದ ಕೆಳಕ್ಕೆ ನೇರ ಜೋಡಿಸಿ. ಜೊತೆಗೆ ಪ್ರೀತಿಯ ಒಂದು ಕಾರ್ಡು: ನಿಮ್ಮ ಹಸ್ತಪ್ರತಿಯ ಪುಟ ಅದಲುಬದಲಾಗಿತ್ತು, ಸರಿಪಡಿಸಿದ್ದೇವೆ, ಕಾಳಜಿ ಬೇಡ. ನೇರ ಮಾಡಿದ ಮೇಲೆ ಅದು ಕವಿತೆಯಾಗಿ ಉಳಿದಿರಲಿಲ್ಲ, ಗುಡ್ಡದ ಬಗ್ಗೆ ಒಂದು ಸೂಚನಾಫಲಕವಾಗಿತ್ತು. ನಾಲ್ಕು ಮಂದಿ ಓದಿ ಚೆನ್ನಾಗಿದೆ ಎಂದರು. ಆ ಹೊಗಳಿಕೆಯ ಉರಿ ಇನ್ನೂ ಆರಿಲ್ಲ.

ಇಷ್ಟು ಸಿಟ್ಟು ಹೊತ್ತುಕೊಂಡು ತಿರುಗುತ್ತಿದ್ದ ನನ್ನ ಕೈಗೆ ಗೌರವ್ವ ಸಿಕ್ಕಿದ್ದು ಅವಳ ದುರ್ದೈವ.

ಗೌರವ್ವ ಗಜೇಂದ್ರಗಡದ ನೇಕಾರ್ತಿ. ನೆಲ ತೋಡಿದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ ಅವಳದು. ನಾನು ಉಡುವ ಸೀರೆಗಳಲ್ಲಿ ಅರ್ಧಕ್ಕೆ ಹೆಚ್ಚು ಅವಳ ಕೈಯವು. ಬೇಕಾದಾಗ ನೇರ ಅವಳ ಮನೆಗೇ ಹೋಗುತ್ತೇನೆ. ಆ ಸಲ ಹೋದಾಗ ಅವಳು ಲಾಳಿ ಕೆಳಗಿಟ್ಟು, ಹೋದ ವರ್ಷದ ಪ್ರದರ್ಶನದ ಸುದ್ದಿ ತೆಗೆದಳು. ರೋಣದ ಕಲ್ಯಾಣ ಮಂಟಪವೊಂದರಲ್ಲಿ ವರ್ಷಕ್ಕೊಮ್ಮೆ ನೇಕಾರರ ಸೀರೆಗಳನ್ನು ತೂಗುಹಾಕುತ್ತಾರೆ. ಹೋದ ವರ್ಷ ಅವಳ ಸೀರೆಗೂ ಜಾಗ ಸಿಕ್ಕಿತ್ತು, ಆದರೆ ಕೆಳಗಿನ ಚೀಟಿಯಲ್ಲಿ ನೂಲು ಕೊಟ್ಟು ನೇಯಿಸಿಕೊಂಡ ಸಾವುಕಾರರ ಹೆಸರು. ರೂಢಿ ಹಾಗೆಯೇ ಇದೆ. ನೇಯ್ದವರ ಹೆಸರನ್ನು ಯಾರೂ ಕೇಳುವುದಿಲ್ಲ.

"ದಿನಪೂರ್ತಿ ಅದರ ಬಾಜೂಕ ನಿಂತಿದ್ದೆ ಅಕ್ಕೋರ" ಎಂದಳು. "ಬಂದವರು ಭಾಳ ಚಲೋ ಐತಿ ಅಂದ್ರು. ಆಮ್ಯಾಲ ಒಬ್ಬಾಕಿ ನನಗ, ಯವ್ವಾ ಸ್ವಲ್ಪ ಸರಿಯವಾ, ಸೀರಿ ಕಾಣವಲ್ದು ಅಂದ್ಲು. ಸರಿದೆ."

ಈ ಸಲ ಅವಳು ತಾನೇ ನೂಲು ತಂದಿದ್ದಳು. ಸೆರಗಿನಲ್ಲಿ ತನ್ನ ಹೆಸರನ್ನೇ ನೇಯುವುದು ಅವಳ ಹಟ. "ಚೀಟಿ ಆದ್ರ ಹರದು ಒಗೀತಾರ. ನೇಯ್ದದ್ದನ್ನ ಹ್ಯಾಂಗ ಒಗೀತಾರ್ರಿ?" ಆದರೆ ಅವಳಿಗೆ ಓದು ಬರೆಹ ಬರುವುದಿಲ್ಲ. ಎರಡನೆಯ ಇಯತ್ತೆಗೇ ಶಾಲೆ ಬಿಡಿಸಿ ಮಗ್ಗಕ್ಕೆ ಕೂಡಿಸಿದ್ದರು. "ನನ್ನ ಹೆಸರು ದೊಡ್ಡದಾಗಿ ಒಂದು ಹಾಳ್ಯಾಗ ಬರದು ಕೊಡ್ರಿ, ಅದನ್ನ ನೋಡಿ ಹಾಕ್ತೀನಿ."

ಬರೆದು ಕೊಟ್ಟು ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನಾನು ಹೊಸ ದಾರಿಯವಳು, ಕಣ್ಣು ಚುರುಕಿನವಳು. ಅವಳ ಮಗ್ಗದಲ್ಲಿ ಒಂದು ಸಂಗತಿ ಗಮನಿಸಿದ್ದೆ: ಸೆರಗಿನ ಹೂಬಳ್ಳಿ ನೇಯುವಾಗ ಸೀರೆಯ ಚಂದದ ಬದಿ ಕೆಳಗೆ, ನೆಲದ ಕಡೆಗಿರುತ್ತದೆ. ನೇಯುವವಳ ಕಣ್ಣಿಗೆ ಕಾಣುವುದು ಹಿಂಬದಿ ಮಾತ್ರ, ಎಳೆ ಹಾದು ಹೋದ, ಗಂಟು ಬಿದ್ದ ಬದಿ. ಅಂದರೆ ಹೆಸರು ಮೇಲೆ ಉಲ್ಟಾ ಕಂಡರೆ ಮಾತ್ರ ಕೆಳಗೆ ಸೀದಾ ಬರುತ್ತದೆ. ಹಾಗಾದರೆ ಬಡಪಾಯಿ ಗೌರವ್ವ ಓದಲು ಬಾರದೆ ಇದನ್ನೆಲ್ಲ ಹೇಗೆ ತಿರುಗಿಸಿಯಾಳು? ನಾನೇ ಉಲ್ಟಾ ಬರೆದು ಕೊಡಬೇಕು. ನನ್ನ ಮೂರು ವಾರದ ತಪಸ್ಸಿಗೆ ಕೊನೆಗೂ ಒಂದು ಉಪಯೋಗ!

ಜಾಲತಾಣದಲ್ಲಿ ತಲೆಕೆಳಗು ಮಾಡುವ ಗುಂಡಿಯ ಪಕ್ಕದಲ್ಲೇ ಕನ್ನಡಿಯಲ್ಲಿ ಕಂಡಂತೆ ಮಾಡುವ ಗುಂಡಿಯೂ ಇತ್ತು. ಗೌರವ್ವ ಎಂದು ಕೊಟ್ಟರೆ ಅದು ವ್ವರೌಗ ಎಂಬ ಏನನ್ನೋ ಉಗುಳಿತು. ಹಾಳಾಗಿ ಹೋಗು ಎಂದು, ಚೌಕುಳಿ ಹಾಳೆ ತೆಗೆದುಕೊಂಡು, ಒಂದೊಂದೇ ಮನೆ ಎಣಿಸುತ್ತ ಅಕ್ಷರಗಳನ್ನು ಎಡಬಲ ಮಾಡಿ ಕೈಯಾರೆ ಬರೆದೆ. ಲೋಕದ ಯಾವ ಪಟ್ಟಿಯಲ್ಲೂ ಇಲ್ಲದ ಮಗುಚಿದ ಕನ್ನಡ ರೋಣದಲ್ಲಿ ಹುಟ್ಟಿತು ಎಂಬ ಗರ್ವ ಎಷ್ಟಿತ್ತೆಂದರೆ, ಹಾಳೆ ಕೊಡುವಾಗ ಅದು ಉಲ್ಟಾ ಇದೆ ಎಂದು ಹೇಳುವುದನ್ನೇ ಮರೆತೆ. ಮರೆತೆನೋ, ಹೇಳುವ ಅಗತ್ಯವಿಲ್ಲ ಎಂದುಕೊಂಡೆನೋ. ಮರೆತೆ ಎಂಬುದು ನನಗೆ ಅನುಕೂಲದ ನೆನಪು, ಆದ್ದರಿಂದ ಅದನ್ನು ನಂಬಬೇಡಿ.

ಗೌರವ್ವ ಹಾಳೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಬಳಿಕ ಮಾಡಿದ್ದು ಮೂವತ್ತು ವರ್ಷದಿಂದ ಮಾಡುತ್ತ ಬಂದದ್ದನ್ನೇ. ಯಾರು ಯಾವ ಚಿತ್ರ ತಂದು ಕೊಟ್ಟರೂ, ನವಿಲೋ ಆನೆಯೋ ಬಳ್ಳಿಯೋ, ಅದು ಸೀದಾ ಬದಿಯ ಚಿತ್ರವೆಂದೇ ಅವಳ ಕೈ ತಿಳಿಯುತ್ತದೆ. ಬೆರಳುಗಳು ತಾವೇ ಅದನ್ನು ಎಡಬಲ ಮಾಡಿಕೊಂಡು ನೇಯುತ್ತವೆ. ನಾನು ಒಮ್ಮೆ ಮಗುಚಿದ್ದನ್ನು ಅವಳು ಇನ್ನೊಮ್ಮೆ ಮಗುಚಿದಳು.

ಅಷ್ಟರಲ್ಲೂ ತಪ್ಪು ತಿದ್ದಿಕೊಳ್ಳಲು ಒಂದು ಅವಕಾಶ ಸಿಕ್ಕಿತ್ತು. ಅವಳ ಸೊಸೆ ಶಾಂತವ್ವ ಲಕ್ಕಲಕಟ್ಟಿಯ ಒಕ್ಕಲು ಮನೆಯ ಹುಡುಗಿ. ಮದುವೆಯಾಗಿ ಬಂದ ಮೇಲಷ್ಟೇ ಮಗ್ಗ ಕಂಡವಳು, ಆದರೆ ಕಾಲೇಜು ಓದಿದವಳು. ಲಾಳಿಯೊಳಗೆ ಕೂಡುವ ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಹೆಸರು ಮುಗಿಯುತ್ತ ಬಂದ ದಿನ ಅವಳು ಮಗ್ಗದ ಮೇಲೆ ಬಗ್ಗಿ ನೋಡಿ ಕುಣಿದಾಡಿದಳಂತೆ. "ಅತ್ತಿ, ಗೌ, ರ, ವ್ವ! ಎಷ್ಟು ಛಂದ ಓದಾಕ ಬರತೈತಿ!"

ಗೌರವ್ವನ ಕೈ ನಿಂತಿತು. "ಮಗ್ಗದ ಮ್ಯಾಲ ಓದಾಕ ಬರಬಾರದಲ್ಲವಾ ಅದು?"

"ಅಕ್ಕೋರ ಬರದು ಕೊಟ್ಟಾರ. ಅವರದು ತಪ್ಪಿರತೈತೇನು?"

ಓದಲು ಬರುವ ಇಬ್ಬರು ಒಂದು ಕಡೆ, ಬಾರದವಳು ಒಬ್ಬಳೇ ಇನ್ನೊಂದು ಕಡೆ. ಗೌರವ್ವ ಮತ್ತೆ ಲಾಳಿ ಎಸೆದಳು. ಶಾಂತವ್ವ ಇದನ್ನು ಆಮೇಲೆ ಹೇಳಿದಾಗ, ಯುನಿಕೋಡಿನ ಮೇಲೆ ಖರ್ಚು ಮಾಡಿದ್ದ ಸಿಟ್ಟನ್ನೆಲ್ಲ ವಾಪಸು ಪಡೆದು ನನ್ನ ಮೇಲೇ ಸುರಿದುಕೊಳ್ಳಬೇಕು ಅನ್ನಿಸಿತು.

ಸೀರೆಯನ್ನು ಮಗ್ಗದಿಂದ ಕೊಯ್ದದ್ದು ಪ್ರದರ್ಶನದ ಹಿಂದಿನ ದಿನ. ಹೆಮ್ಮೆಯಿಂದ ನೋಡಲು ಹೋಗಿದ್ದೆ. ಸೆರಗನ್ನು ಚಂದದ ಬದಿ ಮೇಲಾಗಿ ಹಾಸಿದಳು. ಕೆಂಪು ನೆಲದ ಮೇಲೆ ಬಿಳಿ ಅಕ್ಷರ, ಎಳೆ ಎಳೆಯೂ ಖಡಕ್ಕು. ಮತ್ತು ಪೂರ್ತಿ ಉಲ್ಟಾ, ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಬೋರ್ಡು ಕಂಡ ಹಾಗೆ. ಶಾಂತವ್ವ ಬಾಯಿಗೆ ಸೆರಗು ಹಿಡಿದಳು. ಏನಾಗಿದೆಯೆಂದು ಗೌರವ್ವನಿಗೆ ಯಾರೂ ಹೇಳಬೇಕಾಗಲಿಲ್ಲ.

"ನೀವ್ಯಾಕ ಉಲ್ಟಾ ಬರದ್ರಿ ಅಕ್ಕೋರ?"

"ಮಗ್ಗದಾಗ ಉಲ್ಟಾ ಬದಿ ಮ್ಯಾಲ ಇರತೈತಲ್ಲವಾ, ಅದಕ್ಕ..."

"ಅದು ನನಗ ಗೊತ್ತಿಲ್ಲೇನ್ರಿ?"

ಬೈಯಲಿಲ್ಲ, ದನಿ ಏರಿಸಲಿಲ್ಲ. ಇನ್ನೊಂದು ಸೆರಗು ನೇಯಲು ಹೊತ್ತಿರಲಿಲ್ಲ. ಈ ವರ್ಷವೂ ಹೆಸರು ಹೋಯಿತು ಎಂದುಕೊಂಡೆ.

ಮರುದಿನದ್ದನ್ನು ನಾನು ಶಾಲೆಯ ಶಿಕ್ಷಕರ ಕೋಣೆಯಲ್ಲಿ ಎರಡು ಸಲ ಹೇಳಿದ್ದೇನೆ. ಎರಡರಲ್ಲೂ ನನ್ನ ವಾದಕ್ಕೆ ಪ್ರದರ್ಶನದ ಗುಮಾಸ್ತ ಸೋತು ತಲೆತಗ್ಗಿಸುತ್ತಾನೆ. ಅದನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

ನಡೆದದ್ದು ಹೀಗೆ. ಕಲ್ಯಾಣ ಮಂಟಪದಲ್ಲಿ ಹಗ್ಗದ ಮೇಲೆ ಸೀರೆಗಳು ಸಾಲಾಗಿ ಬೀಳುತ್ತಿದ್ದವು. ಗೌರವ್ವ ತನ್ನ ಸೀರೆಯನ್ನು ಎರಡೂ ಕೈಯಲ್ಲಿ ಝಾಡಿಸಿ, ಹಿಂಬದಿ ಹೊರಗಾಗಿ ತೂಗುಹಾಕಿದಳು. ಎಳೆ, ಗಂಟು, ಹಾಯ್ದಾಟ ಎಲ್ಲ ಜನರ ಕಡೆಗೆ. ಅವುಗಳ ನಡುವೆ ಯಾರು ಬೇಕಾದರೂ ಓದಬಹುದಾದ ಹಾಗೆ ಅವಳ ಹೆಸರು.

ಹೆಸರು ದಾಖಲಿಸುವ ಗುಮಾಸ್ತ ತನ್ನ ಮೇಜಿನ ಹಿಂದಿನಿಂದಲೇ ಕೂಗಿದ. "ಏ ಯವ್ವಾ, ಉಲ್ಟಾ ಹಾಕೀಯಲ್ಲ! ತಿರುವಿ ಹಾಕು."

"ನಾ ದಿನಾ ನೋಡೂದು ಈ ಬದೀನ ರೀ" ಎಂದಳು ಗೌರವ್ವ. "ಇವತ್ತೊಂದಿನ ನೀವೂ ನೋಡ್ರಿ."

"ಹಂಗ ನಡಿಯಂಗಿಲ್ಲ, ಮಂದಿ ನಗತಾರ."

"ನಗಲಿ. ನಗೋರಿಗೆ ನನ್ನ ಹೆಸರರೆ ಗೊತ್ತಾಗತೈತಿ."

ಇಲ್ಲಿ ನಾನು ನಡುವೆ ನುಗ್ಗಿದೆ. ನೇಯುವವರ ಹೆಸರು, ಶತಮಾನಗಳ ಅನ್ಯಾಯ, ಹಿಂಬದಿಯ ಸೌಂದರ್ಯ, ಎಲ್ಲವನ್ನೂ ಕಲಸಿ ಒಂದು ಭಾಷಣ ಬಿಗಿದೆ. ಮೇಜಿನ ಮುಂದೆ, ನಮ್ಮಿಬ್ಬರ ಹಿಂದೆ, ಸಾಲು ಬೆಳೆಯುತ್ತಿತ್ತು. "ಆತು ಬಿಡ್ರಿ ಅಕ್ಕೋರ, ಆತು ಬಿಡ್ರಿ, ಬರಕೊಳ್ಳಾಕತ್ತೇನಿ" ಎನ್ನುತ್ತ ಆತ ದೊಡ್ಡ ದಾಖಲೆ ಪುಸ್ತಕದಲ್ಲಿ ಸರಸರ ಬರೆದ. ಗೆದ್ದೆ ಎಂದುಕೊಂಡು ನಾನು ಇನ್ನೂ ಎರಡು ವಾಕ್ಯ ಸೇರಿಸಿದೆ.

ಮೇಜಿನ ಈಚೆ ನಿಂತಿದ್ದ ಗೌರವ್ವ ಪುಸ್ತಕದ ಮೇಲೆ ಬೆರಳಿಟ್ಟಳು. ಅವಳ ಕಡೆಯಿಂದ ಅಕ್ಷರಗಳೆಲ್ಲ ತಲೆಕೆಳಗಾಗಿದ್ದವು. "ಇದು ನನ್ನ ಹೆಸರಲ್ರೀ."

ಗುಮಾಸ್ತ ಕನ್ನಡಕ ಸರಿಸಿ ನೋಡಿದ. "ನಿನಗ ಓದಾಕ ಬರತೈತೇನು?"

"ಓದಾಕ ಬರಂಗಿಲ್ಲ. ಆದ್ರ ಹತ್ತು ದಿನ ಅದನ್ನ ನೇಯ್ದೀನಿ. ಮೊದಲನೇದಕ್ಕ ಮ್ಯಾಲ ಬಾಲ ಇರತೈತಿ, ಕಡೇದರ ಕೆಳಗ ಅದರಂಥಾದ್ದ ಒಂದು ಸಣ್ಣದು, ತಾಯಿ ತೊಡಿ ಬುಡಕ ಮಗಳು ಕುಂತಂಗ. ಈ ಹೆಸರಿನ್ಯಾಗ ತಾಯೂ ಇಲ್ಲ, ಮಗಳೂ ಇಲ್ಲ. ಹೋದ ವರ್ಷ ಚೀಟ್ಯಾಗಿತ್ತಲ್ಲ, ಆ ಹೆಸರು ಇದು."

ಹೌದು, ಅದು ಸಾವುಕಾರರ ಹೆಸರೇ. ಕೆಟ್ಟ ಬುದ್ಧಿಯಿಂದ ಬರೆದದ್ದಲ್ಲ. ಗಜೇಂದ್ರಗಡದ ಸೀರೆ ಎಂದೊಡನೆ ವರ್ಷವರ್ಷವೂ ಬರೆದ ಕೈ ತಾನೇ ಬರೆದಿತ್ತು. ಆತ ನಾಲಿಗೆ ಕಚ್ಚಿಕೊಂಡು ಹೊಡೆದು ಹಾಕಿದ. ತಲೆ ಎತ್ತಿ ಸೀರೆಯ ಹಿಂಬದಿಯನ್ನು ನೋಡುತ್ತ, ಒಂದೊಂದೇ ಅಕ್ಷರ ಇಳಿಸಿಕೊಂಡು, ಅವಳ ಹೆಸರು ಬರೆದ. ಓದಲು ಅನುಕೂಲವಾಗಲೆಂದು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಲು ಹೋದ. "ಇರಲಿ ಬಿಡ್ರಿ, ಕಂಡೈತಿ" ಎಂದಳು.

ಅಷ್ಟು ಹೊತ್ತೂ ಆ ಪುಸ್ತಕ ನನ್ನ ಮೊಣಕೈಯ ಬುಡದಲ್ಲೇ ಇತ್ತು. ನಾನು ಭಾಷಣ ಮಾಡುತ್ತಿದ್ದೆ, ಓದಿರಲಿಲ್ಲ.

ಬಹುಮಾನ ಬರಲಿಲ್ಲ. ಹಿಂಬದಿ ತೋರಿಸುವ ಸೀರೆಗೆ ಬಹುಮಾನ ಕೊಡುವ ಪದ್ಧತಿ ಇಲ್ಲವಂತೆ. ಕೆಲವರು ನಕ್ಕರು, ಕೆಲವು ಹೆಂಗಸರು ಹತ್ತಿರ ಹೋಗಿ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಚೀಟಿಯ ಕಡೆ ಕಣ್ಣು ಹಾಯಿಸಿದರು. ಚೀಟಿಯಲ್ಲೂ ಈಗ ಗೌರವ್ವನ ಹೆಸರೇ ಇತ್ತು.

ಸಂಜೆ ಗೌರವ್ವನನ್ನು ಗಜೇಂದ್ರಗಡದ ಬಸ್ಸಿಗೆ ಹತ್ತಿಸಲು ಹೋದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋ‌ಡಿಸಿಕೊಂಡಿದ್ದೆ; ಎಲ್ಲವೂ ಭಾಷಣದಂತೆ ಕೇಳಿಸಿ, ಬಿಟ್ಟುಬಿಟ್ಟೆ. ಅವಳು ಕಿಟಕಿಯ ಪಕ್ಕ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಬಗ್ಗಿ ನನ್ನನ್ನು ಹತ್ತಿರ ಕರೆದಳು.

"ಅಕ್ಕೋರ, ಶಾಂತವ್ವನ ಹೆಸರೂ ಒಂದು ಹಾಳ್ಯಾಗ ಬರದು ಕೊಡ್ರಿ. ದಿನಾ ಕಂಡಿಕಿ ಸುತ್ತತಾಳ, ಆ ಸೀರ್ಯಾಗ ಅಕಿ ಕೈನೂ ಐತಿ. ಮುಂದಿನ ಸೆರಗಿಗೆ ಇಬ್ಬರದೂ ಹಾಕ್ತೀನಿ."

ನೇಯುವವರ ಹೆಸರಿಗಾಗಿ ಅಷ್ಟೊಂದು ಕೂಗಾಡಿದ ನನಗೆ ಶಾಂತವ್ವನ ನೆನಪೇ ಆಗಿರಲಿಲ್ಲ. ನಾಳೆಯೇ ಬರೆದು ತರುತ್ತೇನೆ ಎಂದೆ. ಬಸ್ಸು ಅಲುಗಿತು. ಅವಳು ಮತ್ತೆ ತಲೆ ಹೊರಗೆ ಹಾಕಿದಳು.

"ಸೀದಾ ಬರೀರಿ ಮತ್ತ. ಮಗುಚೂ ಕೆಲಸ ನಂದು."